ಅವ್ವನನ್ನು ಕೂರಿಸಿದವರು

ನನ್ನ ಅಣ್ಣನೂ ನನ್ನ ಗಂಡನೂ ಮಾತು ಬಿಟ್ಟದ್ದು ಚೆಂಡು ಹೂವಿನಿಂದ. ಕೇಳಿದವರು ನಗುತ್ತಾರೆ. ನಡುವೆ ಸಿಕ್ಕಿಕೊಂಡಿದ್ದ ನನಗೆ ಒಂದು ದಿನವೂ ನಗು ಬರಲಿಲ್ಲ.

ಅಣ್ಣನ ಹೊಲ ಇರುವುದು ಗುಂಡ್ಲುಪೇಟೆಯಿಂದ ಬಂಡೀಪುರದ ಕಡೆ ಹೋಗುವ ಹೆದ್ದಾರಿಯ ಪಕ್ಕದಲ್ಲಿ. ಓಣಂ ಬಂತೆಂದರೆ ಅವನ ಹೂವೆಲ್ಲ ಕೇರಳಕ್ಕೆ ಹೋಗಬೇಕು. ನನ್ನ ಗಂಡ ಅರಣ್ಯ ಇಲಾಖೆಯಲ್ಲಿದ್ದಾರೆ. ಆಗ ಅವರಿಗೆ ಕಾಡಂಚಿನ ಚೆಕ್‌ಪೋಸ್ಟಿನಲ್ಲಿ ಕೆಲಸ. ಕಾಡುಪ್ರಾಣಿಗಳ ಓಡಾಟಕ್ಕೆಂದು ರಾತ್ರಿ ಗೇಟು ಹಾಕಿದರೆ ಮತ್ತೆ ತೆಗೆಯುವುದು ಬೆಳಿಗ್ಗೆಯೇ. ಒಂದು ವರ್ಷ, ಹಬ್ಬಕ್ಕೆ ಇನ್ನೇನು ಒಂದು ದಿನ ಇದೆ ಅನ್ನುವಾಗ, ಅಣ್ಣನ ಹೂವಿನ ಗಾಡಿ ದಾರಿಯಲ್ಲಿ ಪಂಕ್ಚರ್ ಆಗಿ ಗೇಟಿನ ಹತ್ತಿರ ಬರುವಷ್ಟರಲ್ಲಿ ಹೊತ್ತು ಮೀರಿಹೋಗಿತ್ತು. ಅಣ್ಣ ಗಾಡಿಯಿಂದ ಇಳಿದು ತಂಗಿಯ ಗಂಡನಿಗೆ ಕೈ ಮುಗಿದ. ಇವರು ಗೇಟು ಎತ್ತಲಿಲ್ಲ. ಬೆಳಗಾಗುವಷ್ಟರಲ್ಲಿ ಚೀಲದೊಳಗಿನ ಹೂವು ಬಿಸಿಯಾಗಿ ಕೊಳೆತಿತ್ತು.

ಅಣ್ಣನ ಸಿಟ್ಟು ಸುಳ್ಳಲ್ಲ. ಬೆವರು ಸುರಿಸಿ ಬೆಳೆದದ್ದನ್ನು ಕಣ್ಣೆದುರೇ ರಸ್ತೆ ಬದಿಗೆ ಸುರಿದವನು ಅವನು. ಇವರ ಹಟವೂ ಸುಳ್ಳಲ್ಲ. ಲಾರಿ ಬಡಿದ ಆನೆಮರಿಯೊಂದು ಪ್ರಾಣ ಬಿಡುವ ತನಕ ಪಕ್ಕದಲ್ಲಿ ಕೂತು ಬಂದು ಎರಡು ಹೊತ್ತು ಊಟ ಬಿಟ್ಟಿದ್ದವರು ಇವರು. ಇಬ್ಬರ ಮಾತೂ ನನಗೆ ಅರ್ಥವಾಗುತ್ತಿತ್ತು, ಅದರಿಂದ ಯಾರಿಗೂ ಪ್ರಯೋಜನವಾಗಲಿಲ್ಲ. ಅಣ್ಣನ ಮುಂದೆ ನಾನು ಇಲಾಖೆಯವಳು, ಇವರ ಮುಂದೆ ಹೂವಿನವಳು. ಬೀಗರ ಮನೆಯ ಮದುವೆಗಳಲ್ಲಿ ಇಬ್ಬರೂ ಬೇರೆ ಬೇರೆ ಪಂಕ್ತಿಯಲ್ಲಿ ಕೂತು ಉಣ್ಣುವುದನ್ನು ನೋಡಿದಾಗ ಇಬ್ಬರ ಎಲೆಗೂ ಒಂದೊಂದು ಚೊಂಬು ನೀರು ಸುರಿಯಬೇಕು ಅನ್ನಿಸುತ್ತಿತ್ತು.

ಅವ್ವ ಅಣ್ಣನ ಮನೆಯಲ್ಲಿದ್ದಳು. ಹಾಸಿಗೆ ಹಿಡಿದ ಮೇಲೆ ನಾನು ಚಾಮರಾಜನಗರದಿಂದ ವಾರಕ್ಕೊಮ್ಮೆ ಬಸ್ಸು ಹತ್ತಿ ಹೋಗುತ್ತಿದ್ದೆ. ಒಂದು ಮಧ್ಯಾಹ್ನ ತಲೆ ಬಾಚುತ್ತಿದ್ದಾಗ ಹೇಳಿದಳು.

"ನನ್ನ ಕೂರ್ಸಕ್ಕೆ ಅವ್ರಿಬ್ರೇ ಇಳೀಬೇಕು ಕಣಮ್ಮಿ. ಬ್ಯಾರೆ ಯಾರೂ ಬ್ಯಾಡ."

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಮಲಗಿಸುವುದೂ ಇಲ್ಲ. ಗುಂಡಿಯೊಳಗೆ ಒಂದು ಗೂಡು ಕೊರೆದು, ಅದರಲ್ಲಿ ಕೂರಿಸಿ, ಸುತ್ತ ಬಿಲ್ವಪತ್ರೆ ತುಂಬಿ ಮಣ್ಣು ಮಾಡುತ್ತೇವೆ. ಕೂರಿಸಲು ಹತ್ತಿರದವರಿಬ್ಬರು ಕೆಳಗೆ ಇಳಿಯಬೇಕು.

"ಈಗ್ಲೇ ಇಬ್ರುನ್ನೂ ಕರ್ದು ಬಯ್ಯವ್ವ" ಅಂದೆ.

"ಬೈದ್ರೆ ಕೇಳೋ ವಯಸ್ಸಾ ಅವ್ರುದು?" ಎಂದು ಗೋಡೆಯ ಕಡೆ ತಿರುಗಿಕೊಂಡಳು.

ಆಮೇಲೆ ಅವಳು ಹೆಚ್ಚು ದಿನ ಇರಲಿಲ್ಲ. ಸುದ್ದಿ ತಿಳಿದು ನಾವು ಹೋದಾಗ ಹೊಲದ ಮೂಲೆಯಲ್ಲಿ ಗುಂಡಿ ತೋಡಿ ಮುಗಿದಿತ್ತು. ಇವರು ಒಂದು ಚೀಲ ಬಿಲ್ವಪತ್ರೆ ಕಿತ್ತು ತಂದಿದ್ದರು. ಅಣ್ಣ ಚೀಲವನ್ನೂ ನೋಡಲಿಲ್ಲ, ತಂದವರನ್ನೂ ನೋಡಲಿಲ್ಲ. ಅಣ್ಣನ ಜೊತೆ ಇಳಿಯಲು ಚಿಕ್ಕಪ್ಪನ ಮಗ ಪಂಚೆ ಎತ್ತಿ ಕಟ್ಟುತ್ತಿದ್ದ. ನಾನು ಅಣ್ಣನ ಹತ್ತಿರ ಹೋಗಿ ಅವ್ವ ಹೇಳಿದ್ದನ್ನು ಹೇಳಿದೆ.

"ಗೇಟ್ ಎತ್ತದೆ ಇದ್ದ ಕೈಲಿ ಅವ್ವನ್ನ ಮುಟ್ಟುಸ್ಬೇಕಾ?" ಅಂದ, ಎಲ್ಲರಿಗೂ ಕೇಳುವ ಹಾಗೆ.

ಇವರು ತಲೆ ತಗ್ಗಿಸಿದರು. ನನ್ನ ಮೈಯೆಲ್ಲ ಉರಿದುಹೋಯಿತು. ಅಳುವುದು ಆಮೇಲೆ ಇದ್ದೇ ಇದೆ ಎಂದುಕೊಂಡು ಸೆರಗು ಸೊಂಟಕ್ಕೆ ಸಿಕ್ಕಿಸಿದೆ.

"ಅಂಗಾರೆ ಬುಡು, ನಾನೇ ಇಳೀತೀನಿ."

ಹೆಂಗಸೊಬ್ಬಳು ಗುಂಡಿಗೆ ಇಳಿದರೆ ಊರು ಏನನ್ನುತ್ತದೆ ಎಂಬ ಭಯ ಅಣ್ಣನ ಮುಖದಲ್ಲಿ ಕಂಡಿತು. ಅವನು ಚಿಕ್ಕಪ್ಪನ ಮಗನಿಗೆ ಪಕ್ಕಕ್ಕೆ ಸರಿಯುವಂತೆ ಕೈ ಮಾಡಿದ. ಮನಸ್ಸು ಕರಗಿ ಅಲ್ಲ, ಮರ್ಯಾದೆಗೆ ಅಂಜಿ ಮಾಡಿದ. ಆ ಹೊತ್ತಿಗೆ ನನಗೆ ಅಷ್ಟು ಸಾಕಿತ್ತು.

ಇಬ್ಬರೂ ಇಳಿದರು. ಕೆಳಗೆ ಇಬ್ಬರು ನಿಲ್ಲುವುದಕ್ಕೇ ಜಾಗ ಇಕ್ಕಟ್ಟು. ಮೇಲಿನಿಂದ ಅವ್ವನನ್ನು ಬಿಟ್ಟರು. ಅಣ್ಣ ಭುಜ, ಇವರು ಮಂಡಿ ಹಿಡಿದರು. ಮಾತಿಲ್ಲದೆ ಆಗುವ ಕೆಲಸವಲ್ಲ ಅದು.

"ಒಸಿ ಹಿಂದಕ್ಕೆ, ಭಾವ."

"ತಡಿ, ಕಾಲು ಮಡಚ್ತೀನಿ."

"ಈಗ ಬುಡಿ."

ಅಷ್ಟು ವರ್ಷದ ಮೇಲೆ ಅವರಿಬ್ಬರು ಆಡಿದ ಮಾತು ಅಷ್ಟೇ. ಅವ್ವನ ತಲೆ ಮಾತ್ರ ನಿಲ್ಲುತ್ತಿರಲಿಲ್ಲ. ನೆಟ್ಟಗೆ ಮಾಡಿದಷ್ಟೂ ಎಡಕ್ಕೆ ವಾಲುತ್ತಿತ್ತು. ಮೂರನೆಯ ಸಲ ವಾಲಿದಾಗ ಅಣ್ಣನಿಗೆ ತಡೆಯಲಾಗಲಿಲ್ಲ. ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅಳುತ್ತ ಮೇಲೆ ಹತ್ತಿಬಿಟ್ಟ. ಮೇಲಿದ್ದವರು ಅವನನ್ನು ದೂರ ಕರೆದುಕೊಂಡು ಹೋದರು. ಇವರು ಒಬ್ಬರೇ ಕೆಳಗೆ ಉಳಿದರು.

ಇದರಿಂದ ಎಲ್ಲ ಸರಿಹೋಯಿತು ಎಂದುಕೊಂಡರೆ ನಮ್ಮವರನ್ನು ನೀವು ಕಂಡಿಲ್ಲ ಎಂದೇ ಅರ್ಥ. ತಿಥಿಯ ದಿನ ಮತ್ತೆ ಬೇರೆ ಬೇರೆ ಪಂಕ್ತಿ. ಅವ್ವ ಸತ್ತೂ ಸೋತಳಲ್ಲ ಎಂದು ನಾನು ಅಡುಗೆ ಕೋಣೆಯಲ್ಲಿ ಕೂತು ಅತ್ತೆ.

ವರ್ಷ ಕಳೆದ ಮೇಲೆ ಗೌರಿ ಹಬ್ಬಕ್ಕೆ ಅಣ್ಣ ಬಾಗಿನ ತಂದ. ಯಾವಾಗಲೂ ಬಾಗಿಲಲ್ಲೇ ಕೊಟ್ಟು ಹೋಗುವವನು ಅವತ್ತು ಜಗುಲಿಯ ಮೇಲೆ ಕೂತ. ಇವರೂ ಮನೆಯಲ್ಲಿದ್ದರು. ನಾನು ಕಾಫಿ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಕಾಡಿನ ರಸ್ತೆಯನ್ನು ರಾತ್ರಿಯೂ ತೆರೆದಿಡುವ ಮಾತು ಎದ್ದಿತ್ತು. ಪೇಪರಿನಲ್ಲಿ ಏನೋ ಬಂದಿತ್ತಂತೆ. ತೆಗೀಬೇಕು ಎಂದು ಅಣ್ಣ, ತೆಗೀಬಾರ್ದು ಎಂದು ಇವರು. ದನಿ ಏರಿತು. ಅಣ್ಣ ಕಾಫಿ ಮುಟ್ಟದೆ ಎದ್ದ. ನಾನು ತಡೆಯಲಿಲ್ಲ, ತಡೆದು ತಡೆದು ಸಾಕಾಗಿತ್ತು.

ಮೆಟ್ಟಿಲಿಳಿದು ಒಂದು ಚಪ್ಪಲಿ ಹಾಕಿಕೊಂಡವನು ಹಾಗೇ ನಿಂತ. ಇನ್ನೊಂದನ್ನು ಕಾಲಲ್ಲಿ ಹುಡುಕುತ್ತಿದ್ದಾನೆ ಅಂದುಕೊಂಡೆ. ಚಪ್ಪಲಿ ಅವನ ಎದುರಿಗೇ ಇತ್ತು.

"ಭಾವ," ಅಂದ, ಈ ಕಡೆ ತಿರುಗದೆ. "ನಾನು ಮ್ಯಾಕೆ ಬಂದ್ಮೇಲೆ... ಅವ್ವನ ತಲೆ ನಿಲ್ತಾ?"

ಒಂದು ವರ್ಷ ಇದನ್ನು ಅವನು ಯಾರನ್ನು ಕೇಳಬೇಕಿತ್ತು? ಕೊನೆಯ ತನಕ ಗುಂಡಿಯೊಳಗೆ ಇದ್ದವರು ಇವರೊಬ್ಬರೇ.

"ನಿಲ್ತು ಭಾವ," ಅಂದರು ಇವರು. ಈಗಷ್ಟೇ ಜಗಳವಾಡಿದ ದನಿ ಅದಾಗಿರಲಿಲ್ಲ. "ಪತ್ರೆ ಕತ್ತಿನ ಗಂಟ ತುಂಬೋವರ್ಗೂ ನಾ ಕೈ ಬುಡ್ನಿಲ್ಲ."

ಅಣ್ಣ ಹಾಕಿದ್ದ ಚಪ್ಪಲಿ ಬಿಟ್ಟು ಮೇಲೆ ಬಂದು ಕೂತ. ಆರಿಹೋದ ಕಾಫಿಯನ್ನೇ ಎತ್ತಿಕೊಂಡು ಕುಡಿದ.