ಡ್ರಿಲ್ ಮಿಸ್ ಆರಿಸಿಕೊಂಡ ಪಟ

ಹೋದ ವಾರ ನನ್ನ ಹಾಟ್ ವಾಟರ್ ಬ್ಯಾಗು ಸೋರತೊಡಗಿತು. ಹೊಸದು ತರಿಸಬಹುದಿತ್ತು. ಆದರೆ ಇಷ್ಟು ವರ್ಷ ನನ್ನ ಮೊಣಕಾಲಿನ ಗೊಣಗಾಟವನ್ನೆಲ್ಲ ಕೇಳಿಸಿಕೊಂಡ ವಸ್ತುವನ್ನು ಹಾಗೆಲ್ಲ ಎಸೆಯಲು ಮನಸ್ಸಾಗಲಿಲ್ಲ. ಬೀದಿಯ ಕೊನೆಯ ಸೈಕಲ್ ಅಂಗಡಿಗೆ ತೆಗೆದುಕೊಂಡು ಹೋದೆ. ಅಂಗಡಿಯವರು ನಗಲಿಲ್ಲ, ಅದೇ ದೊಡ್ಡ ಉಪಕಾರ. ಗಾಳಿ ತುಂಬಿ, ಬಾನಿಯ ನೀರಿನಲ್ಲಿ ಅದುಮಿ, ಗುಳ್ಳೆ ಎದ್ದ ಜಾಗವನ್ನು ಉಜ್ಜಿ, ಪಂಕ್ಚರ್ ಸಲ್ಯೂಷನ್ ಹಚ್ಚಿದರು. ಆ ವಾಸನೆ... ರಬ್ಬರು, ಪೆಟ್ರೋಲು, ಅದರೊಳಗೆ ಎಲ್ಲೋ ಒಂದಿಷ್ಟು ಸಿಹಿ. ಅಂಗಡಿಯ ಸ್ಟೂಲಿನ ಮೇಲೆ ಕೂತಲ್ಲೇ ನನಗೆ ನಮ್ಮ ಡ್ರಿಲ್ ಮಿಸ್ ನೆನಪಾದರು.

ನಾನು ರಾಮನಗರದ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿದ್ದೆ. ಅವರು ಅಲ್ಲಿಗೆ ಬಂದದ್ದು ನನ್ನ ನಿವೃತ್ತಿಗೆ ಎರಡು ಮೂರು ವರ್ಷ ಉಳಿದಿದ್ದಾಗ. ಮೂವತ್ತಾರರ ಸುಮಾರಿನ, ತೆಳ್ಳನೆಯ, ಗಟ್ಟಿ ಮೈಯ ಹೆಂಗಸು. ಬಿಳಿ ಚೂಡಿದಾರ, ಕೊರಳಲ್ಲಿ ವಿಷಲ್. ಆಟದ ಮೇಷ್ಟ್ರೆಂದರೆ ಗಂಡಸೇ ಎಂದುಕೊಂಡಿದ್ದ ನಮ್ಮ ಸ್ಟಾಫ್ ರೂಮಿಗೆ ಅವರನ್ನು ಏನೆಂದು ಕರೆಯಬೇಕೆಂದೇ ತಿಳಿಯದೆ ಕೊನೆಗೆ ಎಲ್ಲರೂ ಡ್ರಿಲ್ ಮಿಸ್ ಎಂದೆವು. ನಾನೂ ಹಾಗೇ ಕರೆದೆ. ಅವರಿಗೆ ನಾನು ಕೊನೆಯವರೆಗೂ ಮೇಡಂ.

ಅವರ ತವರು ಬೈರಮಂಗಲದ ಕೆರೆಯ ಹಿಂಬದಿಯ ಒಂದು ಹಳ್ಳಿ. ರೇಷ್ಮೆ ಹುಳು ಸಾಕುವ ಮನೆ. ಆ ಕೆರೆಯಲ್ಲಿ ಈಜು ಕಲಿತು, ಕಾಲೇಜಿಗೆ ಈಜಿನಲ್ಲಿ ಮೆಡಲ್ ತಂದುಕೊಟ್ಟಿದ್ದರು. ಅವರು ನಮ್ಮ ಸ್ಕೂಲಿಗೆ ಬರುವ ಹೊತ್ತಿಗೆ ಆ ನೀರಿಗೆ ಯಾರೂ ಕಾಲಿಡುತ್ತಿರಲಿಲ್ಲ. ಬೆಂಗಳೂರಿನ ಕೊಳೆಯೆಲ್ಲ ಹರಿದು ಬಂದು, ಕೋಡಿಯ ಹತ್ತಿರ ಸೋಪಿನ ನೊರೆಯಂತೆ ಬೆಳ್ಳಗೆ ಏಳುತ್ತಿತ್ತು. ಬಿಡದಿಯ ಸುತ್ತ ಒಂದಾದ ಮೇಲೊಂದು ಫ್ಯಾಕ್ಟರಿ, ರಸ್ತೆ ತುಂಬ ಶಿಫ್ಟ್ ಬಸ್ಸು. ಅವರ ತಂದೆಯ ಹಿಪ್ಪುನೇರಳೆ ತೋಟದಲ್ಲಿ ಅರ್ಧ ಕೈಗಾರಿಕೆಗೆಂದು ಹೋಯಿತು. ಪರಿಹಾರ ಬಂದಾಗ ಅಣ್ಣಂದಿರು ಇವರಿಗೂ ಸಣ್ಣದೊಂದು ಪಾಲು ಕೊಟ್ಟರು. ಬಳೆ ಮಾಡಿಸಿಕೋ ಎಂದರು.

ಇವರು ಬಳೆ ಮಾಡಿಸಲಿಲ್ಲ. ಸ್ಪೋರ್ಟ್ಸ್ ಚಾನೆಲ್ಲಿನಲ್ಲಿ ಯಾರೋ ಒಬ್ಬಳು ದೊಡ್ಡ ಗಾಳಿಪಟಕ್ಕೆ ತನ್ನನ್ನು ಕಟ್ಟಿಕೊಂಡು, ಹಲಗೆಯ ಮೇಲೆ ನಿಂತು, ಸಮುದ್ರವನ್ನು ಕೊಯ್ದುಕೊಂಡು ಹೋಗುವುದನ್ನು ನೋಡಿದ್ದರಂತೆ. ಕೈಟ್ ಸರ್ಫಿಂಗ್. ಮಾರನೆಯ ದಿನ ಲಂಚ್ ಬ್ರೇಕಿನಲ್ಲಿ ನನ್ನ ಪಕ್ಕ ಬಂದು ಕೂತು, "ಮೇಡಂ, ನಾನು ಅದನ್ನ ಕಲೀಬೇಕು. ಅದ್ರ ಬಗ್ಗೆ ಇರಾದೆಲ್ಲ ಇಂಗ್ಲಿಷ್ನಾಗೈತೆ. ನೀವು ಒಸಿ ಓದಿ ಹೇಳ್ಬೇಕು" ಎಂದರು.

ಗಣಿತದ ಮೇಷ್ಟ್ರು ಅಷ್ಟು ದೂರದಿಂದಲೇ ಕಿವಿ ಕೊಟ್ಟಿದ್ದರು. "ಏನ್ರೀ ಮಿಸ್, ಆಷಾಢದಲ್ಲಿ ಪಟ ಹಾರಿಸೋ ವಯಸ್ಸಾ ನಿಮ್ದು? ಅದೂ ಸಮುದ್ರದ ಮೇಲೆ! ಬಾಲಂಗೋಚಿ ಎಷ್ಟುದ್ದ ಕಟ್ಟಬೇಕಂತೆ?"

"ನಿಮ್ಮ ನಾಲಿಗೆಯಷ್ಟುದ್ದ ಸಾಕಂತೆ ಸಾರ್," ಎಂದರು ಡ್ರಿಲ್ ಮಿಸ್, ಡಬ್ಬಿಯಿಂದ ತಲೆ ಎತ್ತದೆ.

ಸ್ಕೂಲ್ ಬಿಟ್ಟ ಮೇಲೆ ನಾವಿಬ್ಬರೂ ಮೈಸೂರು ರಸ್ತೆಯ ಸೈಬರ್ ಸೆಂಟರಿಗೆ ಹೋಗತೊಡಗಿದೆವು. ಕಾನ್ವೆಂಟಿನಲ್ಲಿ ನನ್ನಿಂದ ಗಂಟೆಗಟ್ಟಲೆ ರಿಸಿಟೇಷನ್ ಮಾಡಿಸಿದ್ದ ಸಿಸ್ಟರುಗಳು, ನಾನೊಂದು ದಿನ ಪ್ಲೈವುಡ್ ಗೂಡಿನೊಳಗೆ ಕೂತು ಗಾಳಿಪಟದ ಅಳತೆ ಓದುತ್ತೇನೆಂದು ಕನಸಿನಲ್ಲೂ ಎಣಿಸಿರಲಾರರು. ನಾನು ಓದಿ ಕನ್ನಡದಲ್ಲಿ ಹೇಳುವುದು, ಅವರು ನೋಟ್ ಬುಕ್ಕಿನಲ್ಲಿ ಬರೆದುಕೊಳ್ಳುವುದು. ಬಲ್ಲವರೆಲ್ಲ ಹೇಳಿದ್ದು ಹೆಚ್ಚುಕಡಿಮೆ ಒಂದೇ. ದುಡ್ಡು ಕಡಿಮೆಯಿದ್ದರೆ ಹಳೆಯ ಪಟ ಕೊಳ್ಳಿ, ಆದರೆ ತೀರಾ ಹಳೆಯದು ಬೇಡ. ನಿಮ್ಮ ತೂಕಕ್ಕೆ ತಕ್ಕದ್ದು ಕೊಳ್ಳಿ, ದೊಡ್ಡದು ಬೇಡ. ಹಳೆಯ ಮಾದರಿಯ ಪಟಗಳು ಗಾಳಿ ಜೋರಾದರೆ ಎಳೆಯುತ್ತಲೇ ಇರುತ್ತವೆ. ಆಗಷ್ಟೇ ಬಂದಿದ್ದ ಹೊಸ ಮಾದರಿಯವು ಕೈಯಲ್ಲಿನ ಹಿಡಿಗೋಲು ಬಿಟ್ಟರೆ ಜೋರು ಕಳೆದುಕೊಂಡು ಸುಮ್ಮನಾಗುತ್ತವೆ. ಅವರ ಕೈಯಲ್ಲಿದ್ದದ್ದು ಒಂದೇ ಒಂದು ಪಟಕ್ಕಾಗುವಷ್ಟು. ತಪ್ಪಿದರೆ ಇನ್ನೊಂದು ತರಲು ಇನ್ನೊಂದು ತೋಟವಿರಲಿಲ್ಲ.

ಓದಿದ್ದೆಲ್ಲ ನಾನು. ಕೇಳಿಸಿಕೊಂಡದ್ದು ಮಾತ್ರ ಅವರು... ಅದು ನನಗೆ ಆಮೇಲೆ ತಿಳಿಯಿತು.

ಬೆಂಗಳೂರಿನಲ್ಲಿ ಒಬ್ಬರು ಎರಡು ಪಟ ಮಾರುತ್ತಿದ್ದಾರೆಂದು ತಿಳಿದು, ಒಂದು ಭಾನುವಾರ ಟ್ರೈನು ಹತ್ತಿದೆವು. ದೊಡ್ಡ ಅಪಾರ್ಟ್‌ಮೆಂಟು. ಮಾರುವವರು ಶಾರ್ಟ್ಸ್ ತೊಟ್ಟು ಕೆಳಗಿಳಿದು ಬಂದು, ಕೊಳ್ಳುವವರು ಯಾರು ಎಂದು ನಮ್ಮಿಬ್ಬರ ಹಿಂದೆ ಹುಡುಕಿದರು. ನನ್ನ ಕಾಟನ್ ಸೀರೆ, ಛತ್ರಿ, ಚಿತ್ರಾನ್ನದ ಬುತ್ತಿ ನೋಡಿ ಅವರಿಗೆ ಪಾಪ ಏನನ್ನಿಸಿತೋ. ಹಿಂದಿನ ಖಾಲಿ ಸೈಟಿನಲ್ಲಿ ಎರಡನ್ನೂ ಹಾಸಿದರು. ಒಂದು ಕೆಂಪು ಹಳದಿಯದು, ಹದಿನಾಲ್ಕು ಚದರ ಮೀಟರು. ಮದುವೆ ಶಾಮಿಯಾನದ ಹಾಗೆ ಹರಡಿಕೊಂಡಿತು. ಹಳೆಯ ಮಾದರಿ, ಬೆಲೆ ಅಗ್ಗ. ಇನ್ನೊಂದು ಬಣ್ಣ ಹೋದ ನೀಲಿ, ಒಂಬತ್ತು ಮೀಟರು, ಎರಡು ಕಡೆ ತೇಪೆ. ಹೊಸ ಮಾದರಿ, ಬೆಲೆ ಹೆಚ್ಚು.

"ಆ ಬಿಗ್ ಒನ್ ಎರಡೇ ಸಲ ಯೂಸ್ ಮಾಡಿರೋದು," ಎಂದರು ಅವರು.

ಹಾಸಿ ತೋರಿಸಿದ್ದನ್ನು ಡ್ರಿಲ್ ಮಿಸ್ ನೋಡಲೇ ಇಲ್ಲ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಕೊಳ್ಳುವವರು ಗೂಡು ನೋಡುವುದನ್ನು ನೀವು ಕಂಡಿರಬಹುದು. ಮೇಲಿನ ಸಾಲನ್ನು ಬಿಟ್ಟು, ತಟ್ಟೆಯ ತಳಕ್ಕೆ ಕೈ ತೂರಿಸಿ ನಾಲ್ಕು ಗೂಡು ಎಳೆದು, ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. ಒಳಗಿನ ಹುಳು ಗಟ್ಟಿಯಿದ್ದರೆ ಸದ್ದು ಬರುತ್ತದೆ. ತಂದೆಯ ಜೊತೆ ಹೋಗಿ ಹೋಗಿ ಇವರಿಗೆ ಅದೇ ಅಭ್ಯಾಸ. ಮಂಡಿಯೂರಿ, ಕೆಂಪು ಪಟದ ತುದಿಯ ಮಡಿಕೆಯೊಳಗೆ ಕೈ ಹಾಕಿ, ಒಂದು ಹಿಡಿ ಮರಳು ತೆಗೆದರು.

"ಎರಡು ಸಲಕ್ಕೆ ಇಷ್ಟು ಮರಳಾ ಸಾರ್? ಇನ್ನೊಂದು ಸಲ ಹೋಗಿದ್ರೆ ಲಾರಿ ತುಂಬ್ಬುಡ್ತಿತ್ತಲ್ಲ!"

ಆಮೇಲೆ ಆ ಬಟ್ಟೆಯನ್ನು ಕಿವಿಗೆ ಹಿಡಿದು ಬೆರಳಿನಲ್ಲಿ ಮುದುರಿದರು. ಸದ್ದೇ ಇಲ್ಲ, ಹತ್ತು ವರ್ಷ ಉಟ್ಟ ಸೀರೆಯ ಹಾಗೆ. ನೀಲಿಯದನ್ನು ಮುದುರಿದರೆ ಚರಚರ ಎಂದಿತು. ಪಟದ ದಾರಗಳನ್ನು ಗೇಟಿಗೆ ಕಟ್ಟಿ ಎಳೆದು, ಕಣ್ಣು ಮುಚ್ಚಿಕೊಂಡು, ನೂಲು ನೋಡುವವರಂತೆ ಹೆಬ್ಬೆರಳಿನ ಕೆಳಗೆ ಉದ್ದಕ್ಕೂ ಹರಿಸಿದರು. ಕೊನೆಗೆ ಎರಡು ಪಟಗಳ ಅಂಚಿನಲ್ಲಿದ್ದ, ಟ್ಯೂಬಿನಂಥ ಕೊಳವೆಗೂ ಗಾಳಿ ತುಂಬಿಸಿ, "ಊಟ ಮಾಡಿ ಬತ್ತೀವಿ. ಇದು ಹಿಂಗೇ ಇರ್ಲಿ" ಎಂದರು. ಎರಡು ಗಂಟೆ ನೆರಳಿನಲ್ಲಿ ಕೂತೆವು. ತಿರುಗಿ ಬಂದಾಗ ಕೆಂಪು ಪಟ ಕಲ್ಲಿನ ಹಾಗೆ ಗಟ್ಟಿ ನಿಂತಿತ್ತು. ನೀಲಿಯದರ ಕೊಳವೆ ಬಾಡಿದ ಹೀರೆಕಾಯಿಯಾಗಿತ್ತು. ಎಲ್ಲೋ ಸೋರುತ್ತಿತ್ತು.

ನನಗಂತೂ ಎಲ್ಲ ನಿರ್ಧಾರವಾಗಿಹೋಯಿತು. "ಡೋಂಟ್ ಬಿ ಸಿಲ್ಲಿ, ಡಿಯರ್. ದೊಡ್ಡದೇ ತಗೊಳ್ಳಿ. ಕಡಿಮೆ ದುಡ್ಡಿಗೆ ಹೆಚ್ಚು ಬಟ್ಟೆ. ಸೋರೋದೂ ಇಲ್ಲ. ಮಕ್ಕಳ ಯೂನಿಫಾರ್ಮು ನಾವು ಒಂದು ಸೈಜು ದೊಡ್ಡದು ತರಲ್ವಾ? ಈಗ ಸಡಿಲ ಅನ್ನಿಸಿದ್ರೂ ಆಮೇಲೆ ಸರಿಹೋಗುತ್ತೆ."

ಅವರು ನನ್ನನ್ನೇ ನೋಡಿದರು. "ಮೇಡಂ, ನಾನಿನ್ನು ಬೆಳೆಯಾಕಿಲ್ಲ."

ಮಾರುವವರು ನಕ್ಕುಬಿಟ್ಟರು. ಅದೇ ನನಗೆ ಚುಚ್ಚಿತು. ಇಷ್ಟು ದಿನ ಇಂಗ್ಲಿಷ್ ಓದಿ ಹೇಳಿದವಳು ನಾನು, ನನ್ನ ಮಾತಿಗೆ ಬೆಲೆಯಿಲ್ಲವೆ ಎಂದು ಅವರೆದುರೇ ರೇಗಿದೆ. ಡ್ರಿಲ್ ಮಿಸ್ ದನಿ ಏರಿಸಲಿಲ್ಲ. "ಸೋರೋದನ್ನ ಮುಚ್ಬೋದು ಮೇಡಂ. ಎಳ್ಕೊಂಡು ಹೋಗೋದನ್ನ ನಿಲ್ಸಾಕಾಗಕಿಲ್ಲ. ನಾನಿರೋದು ಐವತ್ತೆರಡು ಕೆಜಿ. ನೀವೇ ಓದಿದ್ರಲ್ಲ?" ಎಂದರು. ಸೋರಿಕೆಯನ್ನೇ ತೋರಿಸಿ ಚೌಕಾಸಿ ಮಾಡಿ, ಹಳೆಯ ಹಲಗೆಯನ್ನೂ ಸೇರಿಸಿ ಕೊಡಿ ಎಂದು ಪಟ್ಟು ಹಿಡಿದು, ನೀಲಿಯದನ್ನು ಕೊಂಡರು. ತಂದೆಯ ತೋಟದ ಪಾಲೆಲ್ಲ ಆ ಚೀಲದೊಳಗೆ ಹೋಯಿತು. ವಾಪಸು ಬರುವಾಗ ಕೆಂಗೇರಿಯಿಂದ ರಾಮನಗರದವರೆಗೆ ನಾನು ಕಿಟಕಿಯ ಹೊರಗೆ ನೋಡುತ್ತಲೇ ಕೂತಿದ್ದೆ. ನಾಲ್ಕು ದಿನ ಮಾತು ಬಿಟ್ಟೆ. ಐವತ್ತಾರರ ವಯಸ್ಸಿನಲ್ಲಿ!

ಐದನೆಯ ದಿನ ಸಂಜೆ ಅವರೇ ಪಟದ ಚೀಲ ಹೊತ್ತುಕೊಂಡು ನಮ್ಮ ಮನೆಗೆ ಬಂದರು. ಅವರ ಬಾಡಿಗೆ ಮನೆಯಲ್ಲಿ ಅದನ್ನು ಬಿಚ್ಚುವಷ್ಟು ಜಾಗವಿರಲಿಲ್ಲ. ಕೊಳವೆಯೊಳಗಿನ ಗಾಳಿಚೀಲವನ್ನು ನಮ್ಮ ವರಾಂಡದಲ್ಲಿ ಎಳೆದು, ಸೋಪಿನ ನೀರು ಸವರಿ, ತೂತು ಹುಡುಕಿದೆವು. ಸೈಕಲ್ಲಿನ ತೇಪೆ ಹಾಕಿದರೆ ಮಾರನೆಯ ದಿನಕ್ಕೆ ಬಿಟ್ಟುಕೊಂಡಿತು. ಎರಡನೆಯದೂ ಅಷ್ಟೆ. ಮೂರನೆಯ ಸಲ ಬೇರೊಂದು ಅಂಟು ತಂದರು, ಅದು ನಿಂತಿತು. ಮನೆಯೆಲ್ಲ ಸಲ್ಯೂಷನ್ ವಾಸನೆ. ನಾನು ಕಾಫಿ ಮಾಡಿಕೊಟ್ಟೆ. ಅಷ್ಟರಲ್ಲಿ ಮಾತು ತಾನೇ ಶುರುವಾಗಿತ್ತು.

ಬೇಸಿಗೆ ರಜೆಯ ಕೊನೆಯಲ್ಲಿ ತಮಿಳುನಾಡಿನ ಒಂದು ಮೀನುಗಾರರ ಊರಿಗೆ ಹೊರಟೆವು. ಅಲ್ಲಿ ಒಬ್ಬರು ಕಲಿಸುತ್ತಿದ್ದರು, ಸ್ವಂತ ಪಟ ತಂದವರಿಗೆ ಫೀಸು ಕಡಿಮೆ. ನಾನು ಯಾಕೆ ಹೋದೆ? ಕೀಲುನೋವಿಗೆ ಸೀ ಏರ್ ಒಳ್ಳೆಯದೆಂದು ಮನೆಯಲ್ಲಿ ಹೇಳಿದೆ. ನಿಜವೆಂದರೆ ಅವರೊಬ್ಬರನ್ನೇ ಕಳಿಸಲು ನನಗೆ ಹೆದರಿಕೆ.

ಕಲಿಸುವವರು ಬಿಸಿಲಿಗೆ ಕಪ್ಪಾಗಿದ್ದ, ಮಿತಭಾಷಿ ಮನುಷ್ಯ. ಮರಳ ಮೇಲೆ ಪಟ ಬಿಚ್ಚಿ, ತೇಪೆ ಮುಟ್ಟಿ, ಬಟ್ಟೆ ಎಳೆದು ನೋಡಿ, "ಮೊದಲ ಸಲಕ್ಕೆ ಇಷ್ಟು ಸರಿಯಾದ್ದನ್ನು ತಂದವರು ಕಡಿಮೆ. ಆರಿಸಿದ್ದು ಯಾರು?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ವಿ ಡಿಡ್," ಎಂದೆ ನಾನು. ನಾಚಿಕೆಯಿಲ್ಲದೆ, ತಲೆ ಎತ್ತಿಕೊಂಡು.

ಡ್ರಿಲ್ ಮಿಸ್‌ಗೆ ಅಷ್ಟು ಇಂಗ್ಲಿಷ್ ಅರ್ಥವಾಗುತ್ತಿತ್ತು. ನನ್ನ ಕಡೆ ಒಮ್ಮೆ ನೋಡಿ, ನಗು ತಡೆದುಕೊಂಡು, ದಾರ ಬಿಡಿಸಲು ಕೂತರು.

ನಾಲ್ಕನೆಯ ದಿನ ಗಾಳಿ ಇದ್ದಕ್ಕಿದ್ದಂತೆ ಎದ್ದಿತು. ಅಲ್ಲಿ ಕಲಿಯುತ್ತಿದ್ದ ಇನ್ನೊಬ್ಬರು ಎತ್ತರದ, ಭಾರಿ ಆಳು. ಅವರದು ಹಳೆಯ ಮಾದರಿಯ ದೊಡ್ಡ ಪಟ. ಅದು ಅವರನ್ನು ನೆಲದಿಂದ ಕಿತ್ತು, ಮರಳ ಮೇಲೆ ಮೂಟೆಯ ಹಾಗೆ ಎಳೆದುಕೊಂಡು ಹೋಗಿ, ದೋಣಿಗಳ ಹತ್ತಿರ ಬಿಸಾಡಿತು. ಅವರ ಭುಜದ ಕೀಲು ತಪ್ಪಿತ್ತು. ಅದೇ ಗಾಳಿ ಸೊಂಟದ ಮಟ್ಟದ ನೀರಿನಲ್ಲಿದ್ದ ಡ್ರಿಲ್ ಮಿಸ್ ಅವರನ್ನೂ ಹಿಡಿಯಿತು. ಅವರು ಎರಡು ಹೆಜ್ಜೆ ಮುಗ್ಗರಿಸಿದ್ದು ಕಂಡಿತು. ಆಮೇಲೆ ಹಿಡಿಗೋಲು ಬಿಟ್ಟರು. ನೀಲಿ ಪಟ ಒಮ್ಮೆ ಫಟಫಟ ಹೊಡೆದುಕೊಂಡು, ಜೋರು ಕಳೆದುಕೊಂಡು, ಮೆಲ್ಲಗೆ ನೀರಿನ ಮೇಲೆ ಮಲಗಿತು. ಅವರು ನಿಂತೇ ಇದ್ದರು.

ನಾನು ಚಪ್ಪಲಿ ಬಿಟ್ಟು ನೀರಿನ ಅಂಚಿಗೆ ಓಡಿದೆ. ಐವತ್ತೆರಡು ಕೆಜಿ... ಆ ಕೆಂಪು ಶಾಮಿಯಾನ... ಮುಂದೆ ಯೋಚಿಸಲಾಗಲಿಲ್ಲ.

ಕೊನೆಯ ದಿನ ಕಲಿಸುವವರು ನೀರಿನೊಳಗಿದ್ದರು. ದಡದಲ್ಲಿ ಪಟವನ್ನು ಹಿಡಿದು ನಿಲ್ಲುವವರು ಒಬ್ಬರು ಬೇಕಿತ್ತು. "ಬನ್ನಿ ಮೇಡಂ," ಎಂದರು ಡ್ರಿಲ್ ಮಿಸ್. ಸೆರಗು ಸೊಂಟಕ್ಕೆ ಸಿಕ್ಕಿಸಿ, ಹೇಳಿಕೊಟ್ಟಂತೆ ಪಟದ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ನಿಂತೆ. ದಾರದ ಆ ತುದಿಯಲ್ಲಿ ಅವರು, ಈ ತುದಿಯಲ್ಲಿ ನಾನು. ಪಟ ನನ್ನ ಕೈಯಲ್ಲಿ ಹಿಡಿದ ಕೋಳಿಯ ಹಾಗೆ ಮಿಡುಕುತ್ತಿತ್ತು. ಅವರು ಹೆಬ್ಬೆರಳು ಎತ್ತಿದರು. "ಬುಡಿ ಮೇಡಂ!" ಎಂದದ್ದು ಗಾಳಿಯಲ್ಲಿ ಅರ್ಧ ಕೇಳಿಸಿತು. ಬಿಟ್ಟೆ.

ಎರಡು ಸಲ ಬಿದ್ದರು. ಮೂರನೆಯ ಸಲ ನೀರಿನಿಂದ ಮೊಣಕಾಲು ಎದ್ದಿತು, ಬೆನ್ನು ಎದ್ದಿತು, ಅವರು ಪೂರ್ತಿ ನಿಂತರು. ಹಲಗೆ ಸಮುದ್ರವನ್ನು ಕೊಯ್ಯತೊಡಗಿತು. ಕಾನ್ವೆಂಟಿನಲ್ಲಿ ಊಟಕ್ಕೆ ಮುಂಚೆ ಹೇಳುತ್ತಿದ್ದ ಗ್ರೇಸ್ ಪ್ರಾರ್ಥನೆ ಮುಗಿಯುವಷ್ಟು ಹೊತ್ತು ಅವರು ನಿಂತಿದ್ದರು, ಒಂದು ಗಳಿಗೆ ಹೆಚ್ಚೇ ಇದ್ದೀತು. ಬೈರಮಂಗಲದ ಕೆರೆಯ ಹುಡುಗಿ! ನನ್ನ ಇಂಗ್ಲಿಷೆಲ್ಲ ಎಲ್ಲಿ ಹೋಯಿತೋ, "ನಿಂತ್ರು ಕಣ್ರೀ! ನಮ್ಮ ಮಿಸ್ ನಿಂತ್ರು!" ಎಂದು ಬಲೆ ಹೆಣೆಯುತ್ತಿದ್ದ ಮೀನುಗಾರರಿಗೆ ಕೂಗಿ ಹೇಳಿದೆ. ಅವರಿಗೆ ಕನ್ನಡ ಬರದು, ಆದರೂ ಎದ್ದು ನಿಂತು ನೋಡಿದರು. ನನ್ನ ಸ್ವಂತ ಡಿಗ್ರಿ ಬಂದ ದಿನವೂ ನಾನು ಅಷ್ಟು ಬೀಗಿರಲಿಲ್ಲ.

ಆಮೇಲೆ ನಾನು ನಿವೃತ್ತಳಾದೆ. ಅವರು ಕೆಲಸ ಬದಲಿಸಿ ಮಾಗಡಿ ಕಡೆಗೆ, ಸೋಲೂರಿನ ಹತ್ತಿರದ ಒಂದು ಸ್ಕೂಲಿಗೆ ಹೋದರು. ಪ್ರತಿ ಬೇಸಿಗೆ ಸಮುದ್ರಕ್ಕೆ ಹೋಗಿ ಬಂದು ಫೋನು ಮಾಡುತ್ತಿದ್ದರು. ಈ ಸಲ ಇಷ್ಟು ದೂರ, ಈ ಸಲ ತಿರುಗಿಸಿಕೊಂಡು ದಡಕ್ಕೇ ಬಂದೆ ಎಂದು. ಫೋನುಗಳು ಕಡಿಮೆಯಾದವು. ನಾನೂ ಮಾಡಲಿಲ್ಲ, ಮಾಡಿದರಾಯಿತು ಎಂದುಕೊಂಡೇ... ಅವರು ಕಾಯಿಲೆ ಬಿದ್ದದ್ದು ನನಗೆ ಗೊತ್ತಾಗಲಿಲ್ಲ. ಹೋದದ್ದು ಗೊತ್ತಾಗುವ ಹೊತ್ತಿಗೆ ಕಾರ್ಯಗಳೆಲ್ಲ ಮುಗಿದು ತಿಂಗಳಾಗಿತ್ತು.

ಸೈಕಲ್ ಅಂಗಡಿಯಿಂದ ಬಂದ ಮೇಲೆ ಇದನ್ನು ಬರೆಯಲು ಕೂತೆ. ಹೊರಗೆ ಆಷಾಢದ ಗಾಳಿ ಕಿಟಕಿಯನ್ನು ಬಡಿಯುತ್ತಿದೆ. ಇಷ್ಟು ವರ್ಷದಲ್ಲಿ ಒಂದು ಸಲವಾದರೂ ಅವರೆದುರು, ನೀವು ಆರಿಸಿದ್ದೇ ಸರಿ, ನಾನು ಹೇಳಿದ್ದು ಕೇಳಿದ್ದರೆ ನೀವು ಅಂದು ದಡಕ್ಕೆ ಬರುತ್ತಿರಲಿಲ್ಲ ಎಂದು ಹೇಳಬಹುದಿತ್ತು. ಮಕ್ಕಳ ತಪ್ಪನ್ನೆಲ್ಲ ಕೆಂಪು ಇಂಕಿನಲ್ಲಿ ತಿದ್ದಿದವಳಿಗೆ ತನ್ನದೊಂದನ್ನು ತಿದ್ದಿಕೊಳ್ಳಲಾಗಲಿಲ್ಲ. ಕೇಳಬೇಕಾದವರಿಲ್ಲ, ಆದರೂ ಈಗ ಹೇಳುತ್ತೇನೆ. ಆ ಪಟ ಆರಿಸಿದ್ದು ನಾವಲ್ಲ, ಅವರು. ನಾನು ಅದನ್ನು ಒಂದು ಸಲ ಹಿಡಿದು ನಿಂತಿದ್ದೆ, ಅಷ್ಟೆ. ಬುಡಿ ಅಂದರು, ಬಿಟ್ಟೆ.