ಟಿವಿ ಇರುವ ಮನೆ

ನನ್ನೊಂದಿಗೆ ಮನೆ ಸಮೀಕ್ಷೆಗೆ ಬರುತ್ತಿದ್ದ ಅಂಗನವಾಡಿ ಟೀಚರ್ ಪೆನ್ನಿನಿಂದ ಹಣೆ ತಟ್ಟಿಕೊಂಡು, "ಕಣ್ಣಿಗೆ ಕಂಡದ್ದು ಬರಿಯಾಕ ಕಾಲಂ ಎಲ್ಲೈತ್ರಿ?" ಎನ್ನುತ್ತಿದ್ದರು.

ಹಚ್ಚೊಳ್ಳಿಯ ಕೂಲಿ ಹೆಂಗಸೊಬ್ಬಳ ಗುಡಿಸಲಲ್ಲಿ ಯಾರೋ ಬಿಸಾಡಿದ ಟಿವಿಯ ಬರೀ ಡಬ್ಬಿಯಿತ್ತು. ಅದರೊಳಗೆ ಕೋಳಿ ಮೊಟ್ಟೆ ಇಡುತ್ತಿತ್ತು. ಫಾರಂನಲ್ಲಿ ಇದ್ದದ್ದು 'ಇದೆ', 'ಇಲ್ಲ' ಎರಡೇ. ಕಣ್ಣೆದುರಿಗಿದ್ದದ್ದನ್ನು 'ಇಲ್ಲ' ಎನ್ನಲಾಗದೆ ಟೀಚರ್ ಗೊಣಗುತ್ತಲೇ 'ಇದೆ' ಎಂದು ಗುರುತು ಹಾಕಿದರು. ಅಷ್ಟಕ್ಕೇ ಆಕೆಯ ಹೆಸರು ಬಡವರ ಪಟ್ಟಿಯಿಂದ ಹೊರಬಿತ್ತು. ಬಳ್ಳಾರಿಯಲ್ಲಿ ಟಿವಿ ಕೋಣೆಗೆ ಬೀಗ ಹಾಕಿ 'ಇಲ್ಲ' ಎಂದಿದ್ದ ಮಹಡಿ ಮನೆಯವರು ಪಟ್ಟಿಯಲ್ಲೇ ಉಳಿದರು.

ಟೀಚರ್ ಆ ಕೂಲಿ ಹೆಂಗಸನ್ನು ಒಪ್ಪಿಸಿ, ಆ ಡಬ್ಬಿಯನ್ನು ಬಸ್ಸಿನಲ್ಲಿ ಸಿರುಗುಪ್ಪಕ್ಕೆ ಹೊತ್ತು ತಂದು ಪಟ್ಟಿ ತಿದ್ದುವ ಅಧಿಕಾರಿಯ ಮೇಜಿನ ಮೇಲಿಟ್ಟರು.

"ಈ ಟಿವಿ ಹಚ್ರಿ ಸಾಹೇಬ್ರ, ನಾನೂ ನೋಡ್ತೀನಿ."

"ಮನ್ಯಾಗ ಟಿವಿ ಇರೋತನಕ ತಿದ್ದಾಕ ಬರಂಗಿಲ್ಲಮ್ಮ."

"ಹಂಗಾರ ಇದು ನಿಮ್ಮಲ್ಲೇ ಇರ್ಲಿ. ಆಕಿ ಮನ್ಯಾಗ ಈಗ ಟಿವಿ ಇಲ್ಲ, ಬರ್ಕೊಳ್ರಿ," ಎಂದು ಕುರ್ಚಿ ಎಳೆದುಕೊಂಡು ಕೂತರು.