ಬಾಯಿಗೆ ಬಾರದ ಹೆಸರು

ಇಸ್ತ್ರಿ ಅಂಗಡಿಯ ಶಹಾತಾನಷ್ಟು ಮರ್ಯಾದಸ್ಥ ಅಲೆಕ್ಸಾಂಡ್ರಿಯಾದ ನಮ್ಮ ಓಣಿಯಲ್ಲಿ ಇನ್ನೊಬ್ಬನಿಲ್ಲ. ಗಿರಾಕಿಯ ಜೇಬಿನಲ್ಲಿ ಯಾವ ಚೀಟಿ ಸಿಕ್ಕರೂ ಓದದೆ ಹಾಗೇ ವಾಪಸು ಕೊಡುತ್ತಾನೆ. ತಾಯಿಯ ಹೆಸರನ್ನಂತೂ ನಾಲ್ಕು ಗಂಡಸರೆದುರು ಎತ್ತಿದವನೇ ಅಲ್ಲ. ನಮ್ಮಲ್ಲಿ ಯಾವ ಮಗ ಎತ್ತುತ್ತಾನೆ ಹೇಳಿ? ಎತ್ತಿದರೆ ಪುಂಡರ ಬಾಯಿಗೆ ಬಿತ್ತೆಂದೇ ಲೆಕ್ಕ. ಆಕೆ ನಮಗೆಲ್ಲ ಉಮ್ ಶಹಾತಾ, ಅಂದರೆ ಶಹಾತಾನ ತಾಯಿ, ಅಷ್ಟೇ.

ಈ ಚಳಿಗಾಲದಲ್ಲಿ ಒಂದು ಸಂಜೆ ಆ ಮುದುಕಿ ಕಾಣೆಯಾದಳು. ಪಾಪ, ಅರಳುಮರಳು. ನೆನಪು ನೆಟ್ಟಗಿದ್ದಾಗ ಫೋನಿಗೆ ಬಾಡಿಗೆ ಕಾರಿನ ಆ್ಯಪ್ ಹಾಕಿಸಿಕೊಂಡಿದ್ದಳು. ಅದರ ಕಾರನ್ನೇ ಹತ್ತಿ ಹೋದಳೆಂದು ಯಾರೋ ಹೇಳಿದರು. ಆಕೆಯ ಫೋನು ಆಫ್ ಆಗಿತ್ತು. ಠಾಣೆಯವರು ನಾಳೆ ಬಾ ಎಂದು ಸಾಗಹಾಕಿದ್ದರು. ಕಡಲ ಗಾಳಿ ಬೇರೆ ಎದ್ದಿತ್ತು.

ನಾನು ಎದುರಿನ ನನ್ನ ಕಾಫಿ ಅಂಗಡಿ ಬಿಟ್ಟು ಓಡಿದಾಗ ಶಹಾತಾ ಕಾರು ಕಂಪನಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿದ್ದ. ಸುತ್ತ ಓಣಿಯ ಗಂಡಸರು.

"ನಮ್ಮಮ್ಮನ್ನ ಎಲ್ಲಿ ಇಳಿಸಿದ್ರಿ ಅಂತ ಹೇಳಮ್ಮಾ, ಅಷ್ಟು ಸಾಕು."

"ಖಾತೆ ಯಾರ ಹೆಸರಲ್ಲಿದೆ ಸರ್?" ಹುಡುಗಿಯೊಬ್ಬಳ ದನಿ.

"ಉಮ್ ಶಹಾತಾ."

"ಸ್ವಂತ ಹೆಸರು ಹೇಳಿ ಸರ್."

ನಾವೆಲ್ಲ ನೆಲ ನೋಡಿದೆವು. ಅವನು ಸ್ಪೀಕರ್ ಆರಿಸಿ, ತೂಗುಹಾಕಿದ ಅಂಗಿಗಳ ಹಿಂದೆ ಹೋಗಿ ಪಿಸುಗುಟ್ಟಿದ. ಹೊರಬಂದವನೇ ನನ್ನತ್ತ ತಿರುಗಿದ.

"ಅಣ್ಣಾ, ಖಾತ್ರಿ ಮಾಡ್ಕೊಳಕ್ಕೆ ಈಗ ಅಮ್ಮನ ಅಮ್ಮನ ಹೆಸರು ಬೇಕಂತೆ! ನಂಗೇನ್ ಗೊತ್ತು? ಅಜ್ಜಿ ಸಾಯೋವರೆಗೂ ಎಲ್ರಿಗೂ ಉಮ್ ಮಹ್ರೂಸ್!"

ನನಗೆ ಮೈಯೆಲ್ಲ ಉರಿಯಿತು. ಫೋನ್ ಕಿತ್ತುಕೊಂಡೆ. "ಏನ್ ತಾಯಿ, ಮುದುಕಿ ಕಳೆದುಹೋಗಿದಾಳೆ!"

"ಗ್ರಾಹಕರ ಗೋಪ್ಯತೆ ನಮಗೆ ಮುಖ್ಯ ಸರ್. ಅವರೇ ಮಾತಾಡಿದ್ರೆ ಖಂಡಿತ ಹೇಳ್ತೀವಿ."

"ಅವಳೇ ಸಿಕ್ಕಿದ್ರೆ ನಿನ್ನ ಯಾಕಮ್ಮಾ ಕೇಳ್ತಿದ್ದೆ?"

ಹುಡುಗಿಯ ಗಿಣಿಪಾಠ ತಡವರಿಸಿತು. "ನಂಗೂ ಅಜ್ಜಿ ಇದಾರೆ ಸರ್. ಹೇಳಿದ್ರೆ ನನ್ನ ಕೆಲಸ ಹೋಗುತ್ತೆ." "ಇರ್ಲಿ ಬಿಡಮ್ಮಾ," ಎಂದು ಫೋನ್ ಇಟ್ಟೆ.

"ನಿಮ್ಮಮ್ಮ ಹುಟ್ಟಿದ್ದೆಲ್ಲೋ?" ಎಂದು ಶಹಾತಾನನ್ನು ಕೇಳಿದೆ. ಅರಳುಮರಳಾದವರು ಹುಟ್ಟಿದ ಮನೆ ಹುಡುಕಿ ಹೋಗುತ್ತಾರೆಂದು ಕೇಳಿದ್ದೆ.

"ಅನ್ಫೂಶಿ ಕಡಲ ದಂಡೇಲಿ..." ಎಂದವನೇ ಓಡಿದ. ಕಡಲೆಂದು ಕೇಳಿದ್ದೇ ನಾನೂ ಹಿಂದೆಯೇ ಓಡಿದೆ.

ಅಲೆ ಬಡಿಯುವ ಬಂಡೆಗಳ ಮೇಲೆ ಮುದುಕಿ ಬರಿಗಾಲಲ್ಲಿ ನಿಂತಿದ್ದಳು. ಬಲೆ ಮಡಚುತ್ತಿದ್ದ ಮೀನುಗಾರರು ಕೂಗುತ್ತಿದ್ದರು, ಕೇಳಿಸಿಕೊಂಡರೆ ತಾನೇ?

"ಅಮ್ಮಾ!" ಎಂದ ಶಹಾತಾ. ತಿರುಗಲಿಲ್ಲ. "ಉಮ್ ಶಹಾತಾ!" ಎಂದು ನಾನು ಅರಚಿದೆ. ಇನ್ನೊಂದು ಹೆಜ್ಜೆ ಕೆಳಗಿಟ್ಟಳು. ಹತ್ತಿರ ಓಡೋಣವೆಂದರೆ ನಡುವೆ ಬರೀ ಪಾಚಿ.

ಶಹಾತಾ ಅಷ್ಟೂ ಗಂಡಸರೆದುರು ಎದೆ ಬಿರಿಯುವಂತೆ ಕೂಗಿದ. "ನಬವಿಯಾ! ಏ ನಬವಿಯಾ!"

ಮುದುಕಿ ಗಕ್ಕನೆ ನಿಂತು ತಿರುಗಿದಳು. ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗಿಯ ಮುಖ.

"ಬಂದೆ ಅಪ್ಪಾ, ಬಯ್ಬೇಡ."

"ಬಯ್ಯಲ್ಲ, ಬಾ ಮಗಳೇ," ಎಂದು ಶಹಾತಾ ಕೈ ಚಾಚಿದ.